ಗಣಕಯಂತ್ರವು ಏಕೆ ಎಚ್ಚರಗೊಳ್ಳುವುದಿಲ್ಲ?

ಗುಂಡಿಯನ್ನು ಒತ್ತಿದೊಡನೆ ಗಣಕಯಂತ್ರದ ಬೀಸಣಿಗೆ ತಿರುಗುತ್ತದೆ, ದೀಪ ಬೆಳಗುತ್ತದೆ. ಆದರೆ ನಿತ್ಯವೂ ಕಾಣುತ್ತಿದ್ದ ಚಿತ್ರ ಬಾರದೆ, ಕಪ್ಪು ತೆರೆಯ ಮೇಲೆ ಒಂದೆರಡು ಸಾಲು ಇಂಗ್ಲಿಷ್ ಬರಹ ಮಾತ್ರ ಮೂಡಿ, ಯಂತ್ರವು ಅಲ್ಲಿಯೇ ನಿಂತುಬಿಡುತ್ತದೆ. ಗಣಕವನ್ನು ಬಳಸುವವರಲ್ಲಿ ಅನೇಕರಿಗೆ ಒಂದಲ್ಲ ಒಂದು ದಿನ ಒದಗುವ ಅನುಭವವಿದು. ಆಗ ಮನಸ್ಸಿಗೆ ಮೊದಲು ತೋರುವ ಭಯ ಒಂದೇ: ಬರೆದಿಟ್ಟದ್ದೆಲ್ಲವೂ ಹೋಯಿತು! ಆ ಗಾಬರಿಯಲ್ಲಿರುವವನಿಗೆ ಸುಲಭವಾಗಿ ದೊರೆಯುವ ಸಲಹೆಯೂ ಒಂದೇ: ‘ಫಾರ್ಮ್ಯಾಟ್ ಮಾಡಿಸಿ, ಎಲ್ಲವನ್ನೂ ಹೊಸದಾಗಿ ಹಾಕಿಸಿ.’ ವಿಪರ್ಯಾಸವೇನೆಂದರೆ, ಬಹುಪಾಲು ಸಂದರ್ಭಗಳಲ್ಲಿ ಆ ಸಲಹೆಯನ್ನು ಕೇಳುವವರೆಗೆ ಏನೂ ಹೋಗಿರುವುದಿಲ್ಲ. ಸಲಹೆಯನ್ನು ನಡೆಸಿದ ಮೇಲೆ ವಿದ್ಯಾರ್ಥಿಯ ಪ್ರಬಂಧವೂ ಸಂಸಾರದ ಭಾವಚಿತ್ರಗಳೂ ಅಂಗಡಿಯ ಲೆಕ್ಕಪತ್ರಗಳೂ ನಿಜವಾಗಿಯೇ ಹೋಗುವುವು.

ಯಂತ್ರವು ಎಚ್ಚರಗೊಳ್ಳದಿರುವುದಕ್ಕೂ ಅದರೊಳಗಿನ ಸಂಗ್ರಹವು ನಾಶವಾಗುವುದಕ್ಕೂ ಅಂತರವುಂಟು. ಬಾಗಿಲಿನ ಬೀಗ ಕೆಟ್ಟ ಮಾತ್ರಕ್ಕೆ ಮನೆಯೊಳಗಿನ ಸಾಮಾನು ಕಳೆದುಹೋಯಿತೆಂದು ಯಾರೂ ಹೇಳುವುದಿಲ್ಲ. ಗಣಕದ ಬೀಗ ಎಲ್ಲಿದೆ, ಅದು ಹೇಗೆ ತೆರೆಯುತ್ತದೆ, ಕೆಟ್ಟಾಗ ಎಷ್ಟನ್ನು ಮಾತ್ರ ಸರಿಪಡಿಸಬೇಕು ಎಂಬುದನ್ನು ಈ ಪಾಠದಲ್ಲಿ ಕ್ರಮವಾಗಿ ವಿಚಾರಿಸೋಣ.

ತನ್ನನ್ನು ತಾನೇ ಎತ್ತಿಕೊಳ್ಳುವುದು

ಭೌತವಿಜ್ಞಾನದ ವಿದ್ಯಾರ್ಥಿಗಳು ಡೈನಮೋವಿನ ವಿಷಯದಲ್ಲಿ ಒಂದು ಚೋದ್ಯವನ್ನು ಕಂಡಿರುವರು. ಡೈನಮೋ ವಿದ್ಯುತ್ತನ್ನು ಉತ್ಪಾದಿಸಬೇಕಾದರೆ ಅದಕ್ಕೆ ಕಾಂತಕ್ಷೇತ್ರ ಬೇಕು. ಆ ಕಾಂತಕ್ಷೇತ್ರವನ್ನು ಉಂಟುಮಾಡುವ ಸುರುಳಿಗೆ ವಿದ್ಯುತ್ ಬೇಕು. ವಿದ್ಯುತ್ತಾದರೋ ಡೈನಮೋವಿನಿಂದಲೇ ಬರಬೇಕು. ಹಾಗಾದರೆ ಮೊದಲಾಗುವುದು ಹೇಗೆ? ಹಿಂದೆ ಕೆಲಸಮಾಡಿದಾಗ ಕಬ್ಬಿಣದ ತಿರುಳಿನಲ್ಲಿ ಉಳಿದಿರುವ ಅತ್ಯಲ್ಪ ಕಾಂತತ್ವವೇ ಇಲ್ಲಿ ಸಹಾಯಕ್ಕೆ ಬರುತ್ತದೆ. ಅದರಿಂದ ಸ್ವಲ್ಪ ವಿದ್ಯುತ್ತು, ಆ ವಿದ್ಯುತ್ತಿನಿಂದ ಇನ್ನಷ್ಟು ಕಾಂತತ್ವ, ಅದರಿಂದ ಮತ್ತಷ್ಟು ವಿದ್ಯುತ್ತು. ಹೀಗೆ ಕೆಲವು ಕ್ಷಣಗಳಲ್ಲಿ ಯಂತ್ರವು ಪೂರ್ಣಶಕ್ತಿಗೆ ಬರುತ್ತದೆ.

ಗಣಕದ ಚೋದ್ಯವೂ ಇದೇ ಜಾತಿಯದು. ಗಣಕದಲ್ಲಿ ಯಾವ ಕೆಲಸ ನಡೆಯಬೇಕಾದರೂ ಅದಕ್ಕೆ ಆಜ್ಞೆಗಳ ಸರಣಿ, ಎಂದರೆ ಕ್ರಮವಿಧಿ ಬೇಕು. ಕ್ರಮವಿಧಿಗಳು ಇರುವುದು ಡಿಸ್ಕಿನಲ್ಲಿ. ಡಿಸ್ಕಿನಿಂದ ಅವುಗಳನ್ನು ಓದಿ ಯಂತ್ರದ ಸ್ಮೃತಿಗೆ ತರುವುದಕ್ಕೂ ಒಂದು ಕ್ರಮವಿಧಿ ಬೇಕು. ಅದನ್ನು ತರುವವರು ಯಾರು? ಪಾದರಕ್ಷೆಯ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವ ಅಸಾಧ್ಯ ಸಾಹಸವನ್ನು ಹೇಳುವ ಇಂಗ್ಲಿಷ್ ನುಡಿಗಟ್ಟೊಂದುಂಟು. ಆ ಪಟ್ಟಿಯ ಹೆಸರಾದ ‘ಬೂಟ್‌ಸ್ಟ್ರಾಪ್’ ಎಂಬುದೇ ಚಿಕ್ಕದಾಗಿ ‘ಬೂಟ್’ ಆಯಿತು.

ಹಿಂದಿನ ಕೆಲವು ಯಂತ್ರಗಳಲ್ಲಿ ಈ ಮೊದಲ ಕಿಡಿಯನ್ನು ಮನುಷ್ಯನೇ ಕೊಡಬೇಕಾಗಿತ್ತು. 1965ರಲ್ಲಿ ಮಾರುಕಟ್ಟೆಗೆ ಬಂದ ಪಿಡಿಪಿ-8 ಎಂಬ ಗಣಕದ ಮುಂಭಾಗದಲ್ಲಿ ಸಾಲಾಗಿ ಸ್ವಿಚ್ಚುಗಳಿದ್ದುವು. ಅವುಗಳನ್ನು ಮೇಲೆ ಕೆಳಗೆ ಮಾಡಿ, ಸುಮಾರು ಹದಿನೈದು ಆಜ್ಞೆಗಳನ್ನು ಕೈಯಿಂದಲೇ ಸ್ಮೃತಿಗೆ ತುಂಬಬೇಕಾಗಿತ್ತು. ಆ ಸಣ್ಣ ಕ್ರಮವಿಧಿಯು ಕಾಗದದ ಪಟ್ಟಿಯಿಂದ ಅದಕ್ಕಿಂತ ದೊಡ್ಡದೊಂದನ್ನು ಓದಿಕೊಳ್ಳುತ್ತಿತ್ತು. ಅದು ಇನ್ನೂ ದೊಡ್ಡದನ್ನು. ಇಂದಿನ ಗಣಕಗಳಲ್ಲಿ ಸ್ವಿಚ್ಚುಗಳ ಸಾಲಿಲ್ಲ. ಆದರೆ ಚಿಕ್ಕದು ದೊಡ್ಡದನ್ನು ಎಬ್ಬಿಸುವ ಆ ತತ್ತ್ವ ಮಾತ್ರ ಹಾಗೆಯೇ ಉಳಿದಿದೆ. ಡೈನಮೋವಿನ ಉಳಿಕೆ ಕಾಂತತ್ವದ ಸ್ಥಾನದಲ್ಲಿ ಇಲ್ಲಿರುವುದು ಮುಖ್ಯಫಲಕದ ಮೇಲಿನ ಒಂದು ಸಣ್ಣ ಚಿಪ್ಪು. ವಿದ್ಯುತ್ ನಿಂತರೂ ಮರೆಯದ ಈ ಚಿಪ್ಪಿನಲ್ಲಿ ಅಡಗಿರುವ ಕ್ರಮವಿಧಿಗೆ ಫರ್ಮ್‌ವೇರ್ ಎಂದು ಹೆಸರು.

ಐದು ಕೊಂಡಿಗಳ ಸರಪಣಿ

ಹಳೆಯ ಬಗೆಯ ಯಂತ್ರವನ್ನೇ ಮೊದಲು ತೆಗೆದುಕೊಳ್ಳೋಣ. ಅದರ ಫರ್ಮ್‌ವೇರಿಗೆ ಬಯಾಸ್ ಎಂದು ಹೆಸರು. ಯಂತ್ರದಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯೂ, ಅದನ್ನು ಎಬ್ಬಿಸಲು ಗ್ರಬ್ ಎಂಬ ಬೂಟ್‌ಲೋಡರೂ ಇವೆಯೆಂದು ಭಾವಿಸಿದರೆ, ಕೆಲಸವು ಹೀಗೆ ಸಾಗುತ್ತದೆ.

1. ಬಯಾಸ್ ಮೊದಲು ಸ್ಮೃತಿ, ಕೀಲಿಮಣೆ ಮುಂತಾದುವನ್ನು ಪರೀಕ್ಷಿಸುತ್ತದೆ. ಅನಂತರ ತನಗೆ ಗೊತ್ತುಮಾಡಿರುವ ಅನುಕ್ರಮದಲ್ಲಿ ಡಿಸ್ಕುಗಳನ್ನು ಹುಡುಕುತ್ತದೆ.

2. ದೊರೆತ ಡಿಸ್ಕಿನ ಮೊಟ್ಟಮೊದಲನೆಯ ಸೆಕ್ಟರನ್ನು ಸ್ಮೃತಿಗೆ ತಂದು, ಅದರಲ್ಲಿರುವ ಆಜ್ಞೆಗಳಿಗೆ ಅಧಿಕಾರವನ್ನು ಒಪ್ಪಿಸುತ್ತದೆ. ಈ ಸೆಕ್ಟರಿನ ಗಾತ್ರ ಕೇವಲ 512 ಬೈಟು. ಅದರಲ್ಲಿ 446 ಬೈಟುಗಳು ಆಜ್ಞೆಗಳಿಗೆ ಮೀಸಲು. ಮುಂದಿನ 64 ಬೈಟುಗಳಲ್ಲಿ ಡಿಸ್ಕನ್ನು ಹೇಗೆ ಪಾಲುಮಾಡಿದೆ ಎಂಬುದನ್ನು ಹೇಳುವ ವಿಭಾಗಗಳ ಪಟ್ಟಿಯಿದೆ. ಕೊನೆಯ 2 ಬೈಟು ಇದು ಪ್ರಾರಂಭದ ಸೆಕ್ಟರೇ ಎಂಬುದನ್ನು ಸೂಚಿಸುವ ಮುದ್ರೆ. 1983ರಲ್ಲಿ ಬಂದ ಪಿಸಿ ಡಾಸ್ 2.0 ಕಾಲದಿಂದಲೂ ಬಂದಿರುವ ಏರ್ಪಾಡಿದು.

3. 446 ಬೈಟುಗಳಲ್ಲಿ ಹೆಚ್ಚಿನ ಬುದ್ಧಿವಂತಿಕೆ ಹಿಡಿಸುವುದಿಲ್ಲ. ಆದುದರಿಂದ ಅಲ್ಲಿರುವ ಗ್ರಬ್‌ನ ಮೊದಲ ತುಣುಕು, ಮೊದಲನೆಯ ಸೆಕ್ಟರಿಗೂ ಮೊದಲನೆಯ ವಿಭಾಗಕ್ಕೂ ನಡುವಿನ ತೆರಪಿನಲ್ಲಿ ಇಟ್ಟಿರುವ ಎರಡನೆಯ ತುಣುಕನ್ನು ಕರೆಯುವುದರಲ್ಲಿಯೇ ತನ್ನ ಕರ್ತವ್ಯವನ್ನು ಮುಗಿಸುತ್ತದೆ.

4. ಎರಡನೆಯ ತುಣುಕಿಗೆ ಡಿಸ್ಕಿನಲ್ಲಿ ಕಡತಗಳನ್ನು ಹೆಸರು ಹಿಡಿದು ಹುಡುಕುವ ಶಕ್ತಿಯಿದೆ. ಅದು ಲಿನಕ್ಸ್ ಇರುವ ವಿಭಾಗಕ್ಕೆ ಹೋಗಿ, ಗ್ರಬ್‌ನ ಉಳಿದ ಅಂಗಗಳನ್ನೂ ಯಾವ ಯಾವ ವ್ಯವಸ್ಥೆಗಳು ಎಲ್ಲೆಲ್ಲಿವೆ ಎಂಬ ಯಾದಿಯನ್ನೂ ತಂದು, ನಾವು ಕಾಣುವ ಪಟ್ಟಿಯನ್ನು ತೆರೆಯ ಮೇಲೆ ತೋರಿಸುತ್ತದೆ.

5. ನಾವು ಆರಿಸಿದ ವ್ಯವಸ್ಥೆಯ ತಿರುಳನ್ನು, ಎಂದರೆ ಕರ್ನಲನ್ನು, ಸ್ಮೃತಿಗೆ ತಂದು ಅದಕ್ಕೆ ಯಂತ್ರವನ್ನು ಒಪ್ಪಿಸುತ್ತದೆ. ಅಲ್ಲಿಗೆ ಬೂಟ್‌ಲೋಡರಿನ ಕೆಲಸ ಮುಗಿಯಿತು.

ಪ್ರತಿಯೊಂದು ಕೊಂಡಿಯೂ ತನ್ನ ಮುಂದಿನದನ್ನು ಮಾತ್ರ ಬಲ್ಲುದೇ ಹೊರತು ಇಡೀ ಸರಪಣಿಯನ್ನು ಬಲ್ಲುದಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಪ್ರಮಾಣವನ್ನೂ ನೋಡಿ: 500 ಗಿಗಾಬೈಟಿನ ಡಿಸ್ಕಿನಲ್ಲಿ 512 ಬೈಟಿನ ಸೆಕ್ಟರುಗಳು ಸುಮಾರು 97 ಕೋಟಿ 65 ಲಕ್ಷ. ಇವುಗಳಲ್ಲಿ ಮೊದಲ ಒಂದೇ ಒಂದು ಸೆಕ್ಟರಿನ ಆಜ್ಞೆಗಳು ಕೆಟ್ಟರೂ ಯಂತ್ರವು ಏಳಲಾರದು. ಆದರೆ ಉಳಿದ ಕೋಟ್ಯಂತರ ಸೆಕ್ಟರುಗಳಲ್ಲಿ ಬರೆದದ್ದು ಇದ್ದಂತೆಯೇ ಇರುತ್ತದೆ.

ತೆರೆಯ ಮೇಲಿನ ಬರಹವೇ ಸಾಕ್ಷಿ

ಸರಣಿಯಾಗಿ ಜೋಡಿಸಿದ ದೀಪಗಳಲ್ಲಿ ಒಂದು ಕೆಟ್ಟರೆ ಎಲ್ಲವೂ ಆರುವುವು; ಕೆಟ್ಟದ್ದು ಯಾವುದೆಂದು ತಿಳಿಯಲು ಒಂದೊಂದನ್ನೇ ಪರೀಕ್ಷಿಸಬೇಕು. ಗಣಕದ ಸರಪಣಿಯಲ್ಲಿ ನಮಗೆ ಒಂದು ಅನುಕೂಲವುಂಟು. ಎಲ್ಲಿಯವರೆಗೆ ಕೆಲಸ ಸರಿಯಾಗಿ ನಡೆಯಿತೋ ಅಲ್ಲಿಯ ಕೊಂಡಿಯೇ ತನ್ನ ಮುಂದಿನದು ಸಿಕ್ಕಲಿಲ್ಲವೆಂದು ದೂರು ಹೇಳುತ್ತದೆ.

ಇದಕ್ಕೆ ಅಂದವಾದ ಉದಾಹರಣೆಯನ್ನು ಲಿಲೋ ಎಂಬ ಹಿಂದಿನ ಬೂಟ್‌ಲೋಡರಿನಲ್ಲಿ ಕಾಣಬಹುದು. ಲಿನಕ್ಸ್ ಬಳಕೆದಾರರಲ್ಲಿ ಬಹುಕಾಲ ರೂಢಿಯಲ್ಲಿದ್ದ ಇದರ ಅಭಿವೃದ್ಧಿ 2015ರ ಕೊನೆಯಲ್ಲಿ ನಿಂತಿತು. ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಅದು ಕೆಲಸ ಮುಂದುವರಿದಂತೆಲ್ಲ ಒಂದೊಂದಾಗಿ ತೆರೆಯ ಮೇಲೆ ಬರೆಯುತ್ತಿತ್ತು. ಮೊದಲನೆಯ ಅಕ್ಷರ ಮಾತ್ರ ಬಂದು ನಿಂತರೆ ಮೊದಲ ತುಣುಕು ಎದ್ದಿದೆ, ಎರಡನೆಯದು ಸಿಕ್ಕಿಲ್ಲ ಎಂದರ್ಥ. ಎರಡು ಅಕ್ಷರ ಬಂದರೆ ಎರಡನೆಯದು ಸ್ಮೃತಿಗೆ ಬಂದರೂ ನಡೆಯಲಿಲ್ಲ ಎಂದರ್ಥ. ನಾಲ್ಕೂ ಬಂದರೆ ಎಲ್ಲವೂ ಸುಗಮ. ತೆರೆಯ ಮೇಲಿನ ಬರಹವನ್ನು ಅಳಿದುಹೋಗುವ ಮುನ್ನ ಒಂದು ಕಾಗದದ ಮೇಲೆ ಬರೆದುಕೊಳ್ಳುವುದು, ಇಲ್ಲವೆ ಫೋನಿನಲ್ಲಿ ಅದರ ಚಿತ್ರ ತೆಗೆದುಕೊಳ್ಳುವುದು, ಪರಿಹಾರದ ಮೊದಲ ಮೆಟ್ಟಲು.

ಇಂದು ಸಾಮಾನ್ಯವಾಗಿ ಕಾಣುವ ಬರಹಗಳನ್ನು ಇದೇ ದೃಷ್ಟಿಯಿಂದ ನೋಡೋಣ.

‘ನೋ ಬೂಟಬಲ್ ಡಿವೈಸ್’ ಎಂದು ಬಂದರೆ ದೂರುತ್ತಿರುವುದು ಮೊದಲನೆಯ ಕೊಂಡಿ. ಫರ್ಮ್‌ವೇರಿಗೆ ಎಬ್ಬಿಸಲು ತಕ್ಕ ಡಿಸ್ಕೇ ಸಿಕ್ಕಿಲ್ಲ. ಇಲ್ಲಿ ದೊಡ್ಡ ಚಿಕಿತ್ಸೆಗೆ ಕೈಹಾಕುವ ಮೊದಲು ಸಣ್ಣ ಕಾರಣಗಳನ್ನು ನೋಡತಕ್ಕದ್ದು. ಯಾರೋ ಮರೆತ ಪೆನ್‌ಡ್ರೈವ್ ಯಂತ್ರದಲ್ಲಿಯೇ ಉಳಿದಿರಬಹುದು. ಡಿಸ್ಕಿನ ತಂತಿ ಸಡಿಲವಾಗಿರಬಹುದು. ಮುಖ್ಯಫಲಕದ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತು, ಫರ್ಮ್‌ವೇರಿನ ಗೊತ್ತುಪಾಡುಗಳು ಮೊದಲಿನ ಸ್ಥಿತಿಗೆ ಹಿಂದಿರುಗಿರಬಹುದು. ಯಂತ್ರದ ಗಡಿಯಾರವು ಎಷ್ಟೋ ವರ್ಷ ಹಿಂದಿನ ದಿನಾಂಕವನ್ನು ತೋರಿಸುತ್ತಿದ್ದರೆ ಈ ಕೊನೆಯ ಕಾರಣವನ್ನು ಸಂದೇಹಿಸಬೇಕು. ಆ ಬ್ಯಾಟರಿಯ ಬೆಲೆ ಅತ್ಯಲ್ಪ.

‘ಗ್ರಬ್ ರೆಸ್ಕ್ಯೂ’ ಎಂಬ ಸೂಚನೆ ಬಂದರೆ ಮೊದಲ ಮೂರು ಕೊಂಡಿಗಳು ಕ್ಷೇಮ; ನಾಲ್ಕನೆಯದು ಸಿಕ್ಕಿಲ್ಲ. ಬರಿಯ ‘ಗ್ರಬ್’ ಎಂಬ ಸೂಚನೆ ಬಂದರೆ ಗ್ರಬ್‌ನ ಅಂಗಗಳು ಸಿಕ್ಕಿವೆ, ಯಾದಿ ಮಾತ್ರ ಸಿಕ್ಕಿಲ್ಲ. ‘ಕರ್ನಲ್ ಪ್ಯಾನಿಕ್’ ಎಂದು ಬಂದರೆ ಬೂಟ್‌ಲೋಡರ್ ತನ್ನ ಕೆಲಸವನ್ನು ಮುಗಿಸಿದೆ. ದೋಷ ಐದನೆಯ ಕೊಂಡಿಯಲ್ಲಿ ಅಥವಾ ಅದರಾಚೆ. ಆಗ ಗ್ರಬ್‌ನ ಪಟ್ಟಿಯಿಂದ ಹಿಂದಿನ ಕರ್ನಲನ್ನು ಆರಿಸಿದರೆ ಯಂತ್ರವು ಏಳುವುದುಂಟು.

ಒಂದು ನಿದರ್ಶನ

ಒಬ್ಬ ವಿದ್ಯಾರ್ಥಿಯ ಗಣಕದಲ್ಲಿ ವಿಂಡೋಸ್ ಮತ್ತು ಉಬುಂಟು ಲಿನಕ್ಸ್ ಎರಡೂ ಇವೆಯೆನ್ನೋಣ. ಡಿಸ್ಕು ಹಳೆಯ ಪದ್ಧತಿಯದು. ಅದರ ಪಟ್ಟಿಯಲ್ಲಿ ನಾಲ್ಕು ಮುಖ್ಯ ವಿಭಾಗಗಳಿಗೆ ಮಾತ್ರ ಸ್ಥಳವಿರುವುದರಿಂದ, ಹೆಚ್ಚಿನ ವಿಭಾಗಗಳಿಗೆ 5ರಿಂದ ಮುಂದೆ ಸಂಖ್ಯೆ ಬರುತ್ತದೆ. 1ನೆಯದರಲ್ಲಿ ವಿಂಡೋಸ್, 5 ಮತ್ತು 6ನೆಯದರಲ್ಲಿ ಕಡತಗಳು, 7ನೆಯದರಲ್ಲಿ ಲಿನಕ್ಸ್. ವಿಂಡೋಸ್‌ನಲ್ಲಿದ್ದಾಗ, ಉಪಯೋಗವಿಲ್ಲವೆಂದು 6ನೆಯ ವಿಭಾಗವನ್ನು ಅವನು ಅಳಿಸಿಹಾಕಿದ. ಮರುದಿನ ಯಂತ್ರವು ‘ಎರರ್: ನೋ ಸಚ್ ಪಾರ್ಟಿಷನ್’ ಎಂದು ಹೇಳಿ ‘ಗ್ರಬ್ ರೆಸ್ಕ್ಯೂ’ ಸೂಚನೆಯಲ್ಲಿ ನಿಂತಿತು. ಲಿನಕ್ಸ್ ಏಳದಿದ್ದುದು ಸರಿಯೇ. ವಿಂಡೋಸ್ ಕೂಡ ಏಳಲಿಲ್ಲ.

ನಡೆದುದೇನು? ನಡುವಣ ವಿಭಾಗವು ಹೋದುದರಿಂದ ಲಿನಕ್ಸಿನ ಸಂಖ್ಯೆ 7ರಿಂದ 6ಕ್ಕೆ ಇಳಿಯಿತು. ಗ್ರಬ್‌ನ ಎರಡನೆಯ ತುಣುಕಿನಲ್ಲಿಯಾದರೋ ‘ಉಳಿದ ಅಂಗಗಳು 7ನೆಯ ವಿಭಾಗದಲ್ಲಿವೆ’ ಎಂದೇ ಬರೆದಿತ್ತು. ಬೀದಿಯ ಮನೆಗಳಿಗೆ ಹೊಸ ಸಂಖ್ಯೆ ಕೊಟ್ಟ ಮೇಲೆ ಹಳೆಯ ವಿಳಾಸದ ಕಾಗದವನ್ನು ಹಿಡಿದು ಅಲೆಯುವ ಅಂಚೆಯವನಂತೆ ಅದು ಇಲ್ಲದ ಮನೆಯನ್ನು ಹುಡುಕುತ್ತ ನಿಂತಿತು. ಮನೆಯೂ ಇದೆ, ಮನೆಯವರೂ ಇದ್ದಾರೆ. ತಪ್ಪಿರುವುದು ವಿಳಾಸದ ಒಂದು ಅಂಕೆ. ವಿಂಡೋಸಿನ ದಾರಿಯೂ ಗ್ರಬ್‌ನ ಪಟ್ಟಿಯ ಮೂಲಕವೇ ಇದ್ದುದರಿಂದ ಅದೂ ನಿಂತಿತು.

ಪರಿಹಾರವೆಂದರೆ ಹೊಸ ವಿಳಾಸವನ್ನು ತಿಳಿಸುವುದು. ಇಲ್ಲಿ ಕನ್ನಡದಲ್ಲಿ ಬರೆದಿರುವ ಆಜ್ಞೆಗಳನ್ನು ಯಂತ್ರದಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಿಂದ ಒತ್ತತಕ್ಕದ್ದು. ಮೊದಲು ‘ಎಲ್ಎಸ್’ ಎಂಬ ಎರಡು ಅಕ್ಷರಗಳನ್ನು ಒತ್ತಿದರೆ ಗ್ರಬ್ ತನಗೆ ಕಾಣುವ ವಿಭಾಗಗಳನ್ನೆಲ್ಲ ಹೇಳುತ್ತದೆ. ಡಿಸ್ಕುಗಳನ್ನು ಅದು 0ಯಿಂದಲೂ ವಿಭಾಗಗಳನ್ನು 1ರಿಂದಲೂ ಎಣಿಸುತ್ತದೆ. ಆದುದರಿಂದ ‘(ಎಚ್‌ಡಿ0,ಎಂಎಸ್‌ಡಾಸ್6)’ ಎಂದರೆ ಮೊದಲ ಡಿಸ್ಕಿನ 6ನೆಯ ವಿಭಾಗ. ಈಗ ‘ಎಲ್ಎಸ್’ ಎಂಬುದರ ಮುಂದೆ ಒಂದೊಂದೇ ವಿಭಾಗದ ಹೆಸರನ್ನೂ ಕೊನೆಯಲ್ಲೊಂದು ಓರೆಗೆರೆಯನ್ನೂ ಹಾಕಿ ಕೇಳಬೇಕು. ವಿಂಡೋಸಿನ ವಿಭಾಗಗಳನ್ನು ಓದುವ ಅಂಗ ಇನ್ನೂ ಬಂದಿಲ್ಲದ ಕಾರಣ ಅವುಗಳಿಗೆ ‘ಅನ್‌ನೋನ್ ಫೈಲ್‌ಸಿಸ್ಟಂ’ ಎಂಬ ಉತ್ತರ ಬರುತ್ತದೆ. ಅದರಿಂದ ಹೆದರಬೇಕಾದುದಿಲ್ಲ. ಯಾವುದರಲ್ಲಿ ‘ಬೂಟ್’, ‘ಹೋಮ್’, ‘ಇಟಿಸಿ’ ಮುಂತಾದ ಹೆಸರುಗಳು ಕಾಣುವುವೋ ಅದೇ ಲಿನಕ್ಸಿನ ಮನೆ. ಬಳಿಕ ಈ ಮೂರು ಆಜ್ಞೆಗಳು:

ಸೆಟ್ ಪ್ರಿಫಿಕ್ಸ್=(ಎಚ್‌ಡಿ0,ಎಂಎಸ್‌ಡಾಸ್6)/ಬೂಟ್/ಗ್ರಬ್
ಇನ್ಸ್‌ಮಾಡ್ ನಾರ್ಮಲ್
ನಾರ್ಮಲ್

ಮೊದಲನೆಯದು ಹೊಸ ವಿಳಾಸ. ಎರಡನೆಯದು ಗ್ರಬ್‌ನ ಮುಖ್ಯ ಅಂಗವನ್ನು ತರುತ್ತದೆ. ಮೂರನೆಯದು ಅದನ್ನು ನಡೆಸುತ್ತದೆ. ಕೂಡಲೆ ಪರಿಚಿತವಾದ ಪಟ್ಟಿ ತೆರೆಯ ಮೇಲೆ ಬರುವುದು. ಲಿನಕ್ಸ್ ಎದ್ದು ನಿಲ್ಲುವುದು. ಯಾವ ಕಡತವೂ ಅಳಿಯಲಿಲ್ಲ, ಡಿಸ್ಕಿನ ಮೇಲೆ ಒಂದಕ್ಷರವನ್ನೂ ನಾವು ಬರೆಯಲಿಲ್ಲ!

ಆ ಕಾರಣದಿಂದಲೇ ಈ ಪರಿಹಾರ ತಾತ್ಕಾಲಿಕ. ಯಂತ್ರವನ್ನು ಆರಿಸಿದರೆ ಹೊಸ ವಿಳಾಸ ಮರೆತುಹೋಗುತ್ತದೆ. ಅದನ್ನು ಶಾಶ್ವತಗೊಳಿಸಲು, ಎದ್ದ ಲಿನಕ್ಸಿನೊಳಗಿಂದ ಆಡಳಿತಾಧಿಕಾರದೊಡನೆ ‘ಗ್ರಬ್-ಇನ್‌ಸ್ಟಾಲ್’ ಎಂಬ ಆಜ್ಞೆಯನ್ನು ಡಿಸ್ಕಿನ ಹೆಸರಿನೊಡನೆ ನಡೆಸಿ, ಬಳಿಕ ‘ಅಪ್‌ಡೇಟ್-ಗ್ರಬ್’ ಎಂಬುದನ್ನು ನಡೆಸಬೇಕು. ಇಲ್ಲಿ ಇಡೀ ಡಿಸ್ಕಿನ ಹೆಸರನ್ನು, ಸಾಮಾನ್ಯವಾಗಿ ‘/ಡೆವ್/ಎಸ್‌ಡಿಎ’ ಎಂಬುದನ್ನು, ಕೊಡಬೇಕೇ ಹೊರತು ಕೊನೆಯಲ್ಲಿ ವಿಭಾಗದ ಅಂಕೆಯನ್ನು ಸೇರಿಸಕೂಡದು. ನಾವು ಸರಿಪಡಿಸುತ್ತಿರುವ ತುಣುಕುಗಳು ವಿಭಾಗಗಳ ಹೊರಗಿವೆ ಎಂಬುದನ್ನು ನೆನೆದರೆ ಇದಕ್ಕೆ ಕಾರಣ ತಾನೇ ಹೊಳೆಯುವುದು.

ವಿದ್ಯಾರ್ಥಿಯು ಅಳಿಸಿದ್ದು ಲಿನಕ್ಸಿನ ವಿಭಾಗವನ್ನೇ ಆಗಿದ್ದರೆ ನಾಲ್ಕನೆಯ ಕೊಂಡಿಯೇ ಇಲ್ಲವಾಗುತ್ತಿತ್ತು. ಆಗ ವಿಂಡೋಸಿನ ದುರಸ್ತಿ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ‘ಬೂಟ್‌ರೆಕ್ /ಫಿಕ್ಸ್‌ಎಂಬಿಆರ್’ ಎಂಬ ಆಜ್ಞೆಯಿಂದ ಮೊದಲ ಸೆಕ್ಟರಿನಲ್ಲಿ ವಿಂಡೋಸಿನ ಆಜ್ಞೆಗಳನ್ನು ಬರೆಯಿಸಬೇಕು. ಈ ಆಜ್ಞೆಯು ವಿಭಾಗಗಳ ಪಟ್ಟಿಯನ್ನು ಮುಟ್ಟುವುದಿಲ್ಲ.

ಹೊಸ ಯಂತ್ರಗಳ ರೀತಿ

ಹಳೆಯ ಪದ್ಧತಿಯ ಪಟ್ಟಿಯಿಂದ 512 ಬೈಟಿನ ಸೆಕ್ಟರುಗಳಲ್ಲಿ ಸುಮಾರು 2.2 ಟೆರಾಬೈಟಿಗಿಂತ ದೊಡ್ಡ ಡಿಸ್ಕನ್ನು ಅಳೆಯಲಾಗದು. ಈ ಪದ್ಧತಿಯ ಸ್ಥಾನದಲ್ಲಿ ಯುಇಎಫ್ಐ ಎಂಬ ಫರ್ಮ್‌ವೇರೂ ಜಿಪಿಟಿ ಎಂಬ ವಿಭಾಗಪಟ್ಟಿಯೂ ಬಂದಿವೆ. ಹೊಸ ಫರ್ಮ್‌ವೇರಿಗೆ ಕಡತಗಳನ್ನು ಓದುವ ಶಕ್ತಿ ತನ್ನಲ್ಲಿಯೇ ಇದೆ. ಆದುದರಿಂದ ಬೂಟ್‌ಲೋಡರನ್ನು ತುಣುಕುಮಾಡಿ ಮೂಲೆಗಳಲ್ಲಿ ಬಚ್ಚಿಡಬೇಕಾದುದಿಲ್ಲ. ಇಎಫ್ಐ ವಿಭಾಗವೆಂಬ ಒಂದು ಸಣ್ಣ ಕೋಣೆಯಲ್ಲಿ ಪ್ರತಿಯೊಂದು ವ್ಯವಸ್ಥೆಯ ಬೂಟ್‌ಲೋಡರೂ ಒಂದು ಕಡತವಾಗಿ ಇರುತ್ತದೆ. ಯಾವುದನ್ನು ಮೊದಲು ಎಬ್ಬಿಸಬೇಕೆಂಬ ಯಾದಿ ಮುಖ್ಯಫಲಕದ ಚಿಪ್ಪಿನಲ್ಲಿರುತ್ತದೆ. ಜಿಪಿಟಿ ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿಯೂ ಇರುವುದು ವಿಶೇಷ ಅನುಕೂಲ. ಮೇಲಿನ ನಿದರ್ಶನದಂತೆ ಸಂಖ್ಯೆಗಳು ಜಾರುವ ತೊಂದರೆಯೂ ಇಲ್ಲಿಲ್ಲ.

ಇಂಥ ಯಂತ್ರದಲ್ಲಿ ಒಂದು ವ್ಯವಸ್ಥೆಯು ‘ಕಾಣೆಯಾದರೆ’ ಅನೇಕ ವೇಳೆ ನಡೆದಿರುವುದು ಯಾದಿಯ ಅನುಕ್ರಮದ ಬದಲಾವಣೆ ಅಷ್ಟೆ. ಯಂತ್ರವನ್ನು ಹಚ್ಚಿದೊಡನೆ ತಯಾರಕರು ಗೊತ್ತುಮಾಡಿರುವ ಕೀಲಿಯನ್ನು (ಎಫ್2, ಎಫ್12, ಎಸ್ಕೇಪ್ ಮುಂತಾದುವುಗಳಲ್ಲೊಂದು) ಒತ್ತಿ, ಯಾದಿಯನ್ನು ತೆರೆದು, ಬೇಕಾದುದನ್ನು ಮೇಲಕ್ಕೆ ತಂದರೆ ಕೆಲಸ ಮುಗಿಯಿತು. ಯಾದಿಯಲ್ಲಿ ಹೆಸರೇ ಇಲ್ಲದಿದ್ದರೆ, ಲಿನಕ್ಸಿನ ಲೈವ್ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಡಿಸ್ಕಿನಲ್ಲಿರುವ ಲಿನಕ್ಸ್ ವಿಭಾಗವನ್ನೂ ಇಎಫ್ಐ ವಿಭಾಗವನ್ನೂ ಜೋಡಿಸಿಕೊಂಡು, ಗ್ರಬ್ಬನ್ನು ಮರಳಿ ಸ್ಥಾಪಿಸಬೇಕು. ಪೆನ್‌ಡ್ರೈವು ಕೂಡ ಯುಇಎಫ್ಐ ರೀತಿಯಲ್ಲಿಯೇ ಎದ್ದಿರಬೇಕೆಂಬುದು ಮುಖ್ಯ.

ಸೆಕ್ಯೂರ್ ಬೂಟ್ ಎಂಬ ಕಾವಲಿನ ಏರ್ಪಾಡೂ ಈ ಯಂತ್ರಗಳಲ್ಲುಂಟು. ಒಪ್ಪಿಗೆಯ ಮುದ್ರೆಯಿಲ್ಲದ ಬೂಟ್‌ಲೋಡರನ್ನು ಅದು ಒಳಗೆ ಬಿಡುವುದಿಲ್ಲ. 2024ರ ಆಗಸ್ಟಿನಲ್ಲಿ ಮೈಕ್ರೊಸಾಫ್ಟ್ ಸಂಸ್ಥೆಯ ವಿಂಡೋಸ್ ಪರಿಷ್ಕರಣವೊಂದು ದೋಷವಿರುವ ಹಳೆಯ ಬೂಟ್‌ಲೋಡರುಗಳನ್ನು ತಡೆಯುವ ನಿಯಮವನ್ನು ಸೇರಿಸಿತು. ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದ ಅನೇಕ ಯಂತ್ರಗಳಲ್ಲಿ ಲಿನಕ್ಸ್ ಏಳದೆ, ‘ಏನೋ ಗಂಭೀರವಾದ ತಪ್ಪಾಗಿದೆ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯವು ಕಾಣಿಸಿಕೊಂಡಿತು. ವಾಕ್ಯವು ಎಷ್ಟೇ ಭಯಂಕರವಾಗಿದ್ದರೂ ಡಿಸ್ಕಿನೊಳಗಿನ ಲಿನಕ್ಸ್ ಕೆಟ್ಟಿರಲಿಲ್ಲ. ಕಾವಲುಗಾರನು ಹಳೆಯ ಗುರುತಿನ ಚೀಟಿಯನ್ನು ಒಪ್ಪಲಿಲ್ಲ, ಅಷ್ಟೆ. ಕಾವಲನ್ನು ತಾತ್ಕಾಲಿಕವಾಗಿ ತೆಗೆದು, ಲಿನಕ್ಸನ್ನು ಎಬ್ಬಿಸಿ, ತಡೆಯ ನಿಯಮವನ್ನು ತೆಗೆದು, ಬೂಟ್‌ಲೋಡರನ್ನು ಪರಿಷ್ಕರಿಸಿ, ಕಾವಲನ್ನು ಮತ್ತೆ ಹಾಕುವುದು ಅದಕ್ಕೆ ಪರಿಹಾರವಾಯಿತು.

ಪಾಲಿಸಬೇಕಾದ ನಿಯಮಗಳು

ಮೊದಲನೆಯದಾಗಿ, ಓದುವ ಕೆಲಸವು ಬರೆಯುವ ಕೆಲಸಕ್ಕಿಂತ ಮುಂಚೆ. ಸಂದೇಹವಿದ್ದಾಗ ಲೈವ್ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಬೇಕಾದ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲುಮಾಡಿಕೊಂಡು, ಅನಂತರವೇ ದುರಸ್ತಿಗೆ ಕೈಹಾಕತಕ್ಕದ್ದು.

ಎರಡನೆಯದಾಗಿ, ಡಿಸ್ಕಿನಿಂದ ಟಿಕ್ ಟಿಕ್ ಎಂಬ ಅಸಹಜ ಸದ್ದು ಬರುತ್ತಿದ್ದರೆ, ಅಥವಾ ‘ರೀಡ್ ಎರರ್’ ಎಂಬ ಬರಹ ಮರಳಿ ಮರಳಿ ಬರುತ್ತಿದ್ದರೆ, ದೋಷವು ಬೂಟ್‌ಲೋಡರಿನದಲ್ಲದೆ ಡಿಸ್ಕಿನದೇ ಆಗಿರಬಹುದು. ಸಾಯುತ್ತಿರುವ ಡಿಸ್ಕಿನ ಮೇಲೆ ಯಾವ ದುರಸ್ತಿಯನ್ನೂ ಪ್ರಯೋಗಿಸಕೂಡದು. ಓದಲಾಗುವಷ್ಟನ್ನು ಓದಿಕೊಳ್ಳುವುದೇ ಆಗಿನ ಕರ್ತವ್ಯ.

ಮೂರನೆಯದಾಗಿ, ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಎಂಬ ಗೂಢಲಿಪಿಯ ರಕ್ಷಣೆ ಇದ್ದರೆ, ಫರ್ಮ್‌ವೇರಿನ ಗೊತ್ತುಪಾಡುಗಳನ್ನು ಬದಲಿಸುವ ಮುನ್ನ ಅದರ ಪುನಃಪ್ರಾಪ್ತಿಯ ಕೀಲಿಸಂಖ್ಯೆಯನ್ನು ಬರೆದಿಟ್ಟುಕೊಂಡಿರಬೇಕು. ಆ ಸಂಖ್ಯೆಯಿಲ್ಲದೆ ಹೋದರೆ ಕ್ಷೇಮವಾಗಿರುವ ಕಡತಗಳೂ ನಮ್ಮ ಕೈಗೆ ಸಿಕ್ಕಲಾರವು.

ನಾಲ್ಕನೆಯದಾಗಿ, ಯಂತ್ರವು ಆರೋಗ್ಯವಾಗಿರುವಾಗಲೇ ಲೈವ್ ಪೆನ್‌ಡ್ರೈವೊಂದನ್ನು ಸಿದ್ಧಪಡಿಸಿ, ಅದರಿಂದ ಒಮ್ಮೆ ಯಂತ್ರವನ್ನು ಎಬ್ಬಿಸಿ ನೋಡಿ, ವಿಭಾಗಗಳ ಸಂಖ್ಯೆ, ಗಾತ್ರ ಮತ್ತು ಒಡೆಯರನ್ನು ಒಂದು ಕಾಗದದಲ್ಲಿ ಬರೆದಿಡುವುದು ಲೇಸು. ಅರ್ಧ ಗಂಟೆಯ ಕೆಲಸವಿದು. ಯಂತ್ರವು ನಿಂತ ದಿನ, ಅಳಿಸಕೂಡದ ವಿಭಾಗ ಯಾವುದೆಂಬುದನ್ನು ಈ ಕಾಗದವೇ ತೋರಿಸಿಕೊಡುವುದು.

ಇಷ್ಟನ್ನು ಅರಿತವನು ಎಲ್ಲ ದುರಸ್ತಿಯನ್ನೂ ತಾನೇ ಮಾಡಬೇಕೆಂದಿಲ್ಲ. ಆದರೆ ದುರಸ್ತಿಗೆ ಕೊಡುವಾಗ, ‘ಯಂತ್ರ ಕೆಟ್ಟಿದೆ’ ಎಂದು ಹೇಳುವುದಕ್ಕೆ ಬದಲಾಗಿ, ‘ನಾಲ್ಕನೆಯ ಕೊಂಡಿ ಸಿಕ್ಕುತ್ತಿಲ್ಲ, ಕಡತಗಳನ್ನು ಮುಟ್ಟದೆ ಅದನ್ನು ಮಾತ್ರ ಜೋಡಿಸಿಕೊಡಿ’ ಎಂದು ಹೇಳಬಲ್ಲನು. ಎದುರಿನವರು ಫಾರ್ಮ್ಯಾಟ್ ಮಾಡಬೇಕೆಂದರೆ, ಏಕೆಂದು ಕೇಳಬಲ್ಲನು. ಆ ಒಂದು ಪ್ರಶ್ನೆಯಿಂದ ಎಷ್ಟೋ ವರ್ಷಗಳ ಬರವಣಿಗೆ ಉಳಿಯುವ ಸಂದರ್ಭಗಳು ಕಡಮೆಯಲ್ಲ.